ನೆಟ್‌ವರ್ಕ್ ಕೆಲಸ ಕಲಿಯುವವರಿಗೆ: ಯಾವ ಪರೀಕ್ಷೆ ಮೊದಲು?

ನಮ್ಮ ಹಿರಿಯರು ಬೀದರ, ಕಲಬುರ್ಗಿ, ರಾಯಚೂರುಗಳಿಂದ ಹೈದರಾಬಾದಿಗೆ ಬಂದ ಕಾಲದಲ್ಲಿ, ಗುಮಾಸ್ತನಾಗಬೇಕೆನ್ನುವವನು ಟೈಪ್‌ರೈಟಿಂಗಿನ ಲೋಯರ್, ಆಮೇಲೆ ಹೈಯರ್ ಪರೀಕ್ಷೆ ಕಟ್ಟುತ್ತಿದ್ದನು. ಕೈಯಲ್ಲಿ ವೇಗವಿಲ್ಲದೆ ಬರಿಯ ಪ್ರಮಾಣಪತ್ರ ತಂದವನ ಗುಟ್ಟು ಯಂತ್ರದ ಮುಂದೆ ಕುಳಿತ ಕೂಡಲೆ ರಟ್ಟಾಗುತ್ತಿತ್ತು. ಇಂದಿನ ನೆಟ್‌ವರ್ಕ್ ಪರೀಕ್ಷೆಗಳ ವಿಷಯವೂ ಹೀಗೆಯೇ. ಅಮೀರ್‌ಪೇಟೆಯ ಮೈತ್ರಿವನದ ಸುತ್ತ ನಡೆದರೆ ಎಲ್ಲಿ ನೋಡಿದರೂ ತರಬೇತಿಯ ಫಲಕಗಳು. ಒಂದೊಂದರ ಮೇಲೂ ನಾಲ್ಕಾರು ಪರೀಕ್ಷೆಗಳ ಹೆಸರು. ಸಂಬಳದಲ್ಲಿ ಉಳಿಸಿದ ಹಣವನ್ನು ಕಟ್ಟುವ ಮೊದಲು ಇವುಗಳ ಕ್ರಮವನ್ನು ತಿಳಿದಿರುವುದು ಲೇಸು.

ಕೆಲಸದ ಸ್ವರೂಪ

ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಕೂಡಿಸುವುದು ಸ್ವಿಚ್ಚು. ಒಂದು ಜಾಲದಿಂದ ಇನ್ನೊಂದಕ್ಕೆ ದಾರಿ ತೋರುವುದು ರೂಟರು. ಹೋಗಿಬರುವ ಸಂಚಾರವನ್ನು ಪರಿಶೀಲಿಸಿ ಬೇಡದುದನ್ನು ತಡೆಯುವುದು ಫೈರ್‌ವಾಲು. ಇವನ್ನು ಜೋಡಿಸುವುದು, ಕೆಟ್ಟಾಗ ಎಲ್ಲಿ ಕೆಟ್ಟಿದೆಯೆಂದು ಹುಡುಕುವುದು ನೆಟ್‌ವರ್ಕ್ ಇಂಜಿನಿಯರನ ಕೆಲಸ. ಕೇಬಲ್ ಎಳೆಯುವವರೂ ಹೆಲ್ಪ್‌ಡೆಸ್ಕಿನಲ್ಲಿ ಕೂತವರೂ ಈಗಾಗಲೇ ಇದರ ಹೊಸ್ತಿಲಲ್ಲಿದ್ದಾರೆ.

ಮೆಟ್ಟಿಲುಗಳು

ಸಿಸ್ಕೊ ಕಂಪನಿಯ ಪರೀಕ್ಷೆಗಳು ಹೆಚ್ಚು ಬಳಕೆಯಲ್ಲಿವೆ. ಮೊದಲ ಮೆಟ್ಟಿಲು ಸಿಸಿಎನ್‌ಎ. ಇದು 1998ರಲ್ಲಿ ಹುಟ್ಟಿತು. ಹಿಂದೆ ಇದರಲ್ಲಿ ಅನೇಕ ಶಾಖೆಗಳಿದ್ದವು. 2020ರ ಫೆಬ್ರವರಿಯಲ್ಲಿ ಬಹುತೇಕ ಎಲ್ಲವನ್ನೂ ಕೂಡಿಸಿ 200-301 ಎಂಬ ಒಂದೇ ಪರೀಕ್ಷೆ ಮಾಡಿದರು. ಅವಧಿ 120 ನಿಮಿಷ. ಕೂರಲು ಪದವಿಯ ನಿರ್ಬಂಧವಿಲ್ಲ. ಎರಡನೆಯದು ಸಿಸಿಎನ್‌ಪಿ: ಒಂದು ಮೂಲ ಪರೀಕ್ಷೆ, ಆಯ್ದ ವಿಷಯದಲ್ಲಿ ಇನ್ನೊಂದು. ಮೇಲ್ಮೆಟ್ಟಿಲು 1993ರಿಂದ ಇರುವ ಸಿಸಿಐಇ. ಇದರ ಪ್ರಯೋಗಪರೀಕ್ಷೆ ಎಂಟು ಗಂಟೆಯದು.

ಯಾವ ಕಂಪನಿಗೂ ಅಂಟದ ಪರೀಕ್ಷೆ ಬೇಕೆನ್ನುವವರಿಗೆ ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್ ಉಂಟು. ನೀವು ದುಡಿಯುವಲ್ಲಿ ಜುನಿಪರ್ ಸಾಧನಗಳಿದ್ದರೆ ಅದರ ಮೊದಲ ಪರೀಕ್ಷೆಯಾದ ಜೆಎನ್‌ಸಿಐಎ ಹೆಚ್ಚು ಉಪಯೋಗಿ. ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿಯಿರಿ. ಮೊದಲ ಹಂತದಲ್ಲಿಯೇ ಎರಡಕ್ಕೆ ಹಣ ಸುರಿಯುವುದು ವ್ಯರ್ಥ, ಏಕೆಂದರೆ ಪಾಠದ ಬಹುಭಾಗ ಒಂದೇ.

ಒಂದು ಚಿಕ್ಕ ಲೆಕ್ಕ

ನಿಮ್ಮ ತಯಾರಿಯನ್ನು ನೀವೇ ಅಳೆಯಲು ಈ ಲೆಕ್ಕ ಮಾಡಿರಿ. ಒಂದು ಕಚೇರಿಯಲ್ಲಿ 50 ಕಂಪ್ಯೂಟರುಗಳಿವೆ. ಎಲ್ಲಕ್ಕೂ ವಿಳಾಸ ಕೊಡಬೇಕು. ಜಾಲದ ವಿಳಾಸ 32 ಬಿಟ್ಟುಗಳದು. ಅದರಲ್ಲಿ 27 ಬಿಟ್ಟು ಜಾಲಕ್ಕೆ ಹೋದರೆ ಉಳಿಯುವುದು 5. ಎರಡನ್ನು ಐದು ಸಲ ಗುಣಿಸಿದರೆ 32 ವಿಳಾಸ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರಿಗೂ ಸಾರುವುದಕ್ಕೆ ಮೀಸಲು. ಉಳಿದದ್ದು 30, ಸಾಲದು. 26 ಬಿಟ್ಟು ಕೊಟ್ಟರೆ ಉಳಿಯುವುದು 6. 64 ವಿಳಾಸಗಳಲ್ಲಿ ಎರಡು ಕಳೆದು 62, ಸಾಕು. ಇದನ್ನು ಕಾಗದದ ಮೇಲೆ ತಡವರಿಸದೆ ಮಾಡಬಲ್ಲವನಾದ ಮೇಲೆ ಮುಂದಿನ ಪಾಠಕ್ಕೆ ಹೋಗತಕ್ಕದ್ದು.

ಖರ್ಚು ಮತ್ತು ಎಚ್ಚರಿಕೆ

ಸಿಸಿಎನ್‌ಎ ಶುಲ್ಕ 300 ಅಮೆರಿಕನ್ ಡಾಲರ್, ತೆರಿಗೆ ಬೇರೆ. ನಪಾಸಾದರೆ ಮತ್ತೆ ಪೂರ್ತಿ ಶುಲ್ಕ. ಆದುದರಿಂದ ತರಬೇತಿಯ ಫೀಯನ್ನಷ್ಟೇ ನೋಡಿ ಸಾಲ ಮಾಡಬೇಡಿರಿ. ಪರೀಕ್ಷೆಯ ಹಣ ಅದರಲ್ಲಿ ಸೇರಿದೆಯೇ ಎಂದು ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆಯಿರಿ. ಅಭ್ಯಾಸಕ್ಕೆ ಸಾಧನಗಳನ್ನು ಕೊಳ್ಳಬೇಕಾಗಿಲ್ಲ. ಸಿಸ್ಕೊ ಉಚಿತವಾಗಿ ಕೊಡುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶದಲ್ಲಿ ಸ್ವಿಚ್ಚು, ರೂಟರುಗಳನ್ನು ಪರದೆಯ ಮೇಲೆಯೇ ಜೋಡಿಸಿ ನೋಡಬಹುದು.

ಪ್ರಮಾಣಪತ್ರ ಮೂರು ವರ್ಷ ಮಾತ್ರ ಸಲ್ಲುತ್ತದೆ. ಅಷ್ಟರೊಳಗೆ ಪುನಃ ಪರೀಕ್ಷೆ ಕೊಟ್ಟೋ, ಮೇಲಿನ ಮೆಟ್ಟಿಲು ಹತ್ತಿಯೋ, ನಿಗದಿಯಾದ ಮುಂದುವರಿದ ಕಲಿಕೆಯಿಂದಲೋ ನವೀಕರಿಸಬೇಕು.

‘ಡಂಪ್ಸ್’ ಎಂದು ಕರೆಯುವ, ಕದ್ದ ಪ್ರಶ್ನೆಗಳ ಕಟ್ಟನ್ನು ಯಾರಾದರೂ ಮಾರಲು ಬಂದರೆ ಮುಟ್ಟದಿರಿ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ಮೇಲಿನಂಥ ಒಂದು ಲೆಕ್ಕ ಕೇಳಿದರೆ ಬಾಯಿ ಕಟ್ಟುತ್ತದೆ.

ಕನ್ನಡ ಮಾಧ್ಯಮದವರಿಗೆ

ಪರೀಕ್ಷೆ ಇಂಗ್ಲಿಷಿನಲ್ಲಿದೆಯೆಂದು ಹಿಂಜರಿಯಬೇಕಾಗಿಲ್ಲ. ಮತ್ತೆ ಮತ್ತೆ ಬರುವ ಪದಗಳು ಕೆಲವು ನೂರು ಮಾತ್ರ. ಒಂದು ನೋಟುಪುಸ್ತಕದಲ್ಲಿ ಪದವನ್ನು ಒಂದು ಬದಿಗೆ, ಅದರ ಕೆಲಸವನ್ನು ಕನ್ನಡದಲ್ಲಿ ಇನ್ನೊಂದು ಬದಿಗೆ ಬರೆಯಿರಿ. ಅರ್ಥ ತಾಯ್ನುಡಿಯಲ್ಲಿ ಕೂತರೆ ಪದ ತಾನೇ ನಿಲ್ಲುತ್ತದೆ.

ಪಾಳಿಯ ಕೆಲಸದವರು ದಿನಕ್ಕೆ ಒಂದು ಗಂಟೆಯನ್ನು ಬಿಡದೆ ಇದಕ್ಕೆ ಮೀಸಲಿಡಲಿ. ಮೊದಲ ತಿಂಗಳು ಯಾರಿಗೂ ಹಣ ಕಟ್ಟದೆ ಓದಿರಿ, ಲೆಕ್ಕ ಮಾಡಿರಿ. ತಿಂಗಳ ಕೊನೆಗೂ ಆಸಕ್ತಿ ಉಳಿದಿದ್ದರೆ ತರಗತಿಗೆ ಸೇರಿರಿ. ಉಳಿಯದಿದ್ದರೆ ಹಣವಾದರೂ ಉಳಿಯಿತು. ಪ್ರಮಾಣಪತ್ರ ಸಂದರ್ಶನದ ಬಾಗಿಲು ತೆರೆಸೀತು; ಒಳಗೆ ಕುರ್ಚಿ ಕೊಡಿಸುವುದು ಕೈಯ ಕೆಲಸ.