ಡಿಮ್ಮು, ಡಿಪ್ಪು ಮತ್ತು ನಾಲ್ಕೂವರೆ ಸಾವಿರ

ನನ್ನ ಕಾರು 2009ರದ್ದು. ಕಳೆದ ಸಲ ವಿಮೆ ಕಟ್ಟುವಾಗ ಅದರ ಬೆಲೆ 85,000 ರೂಪಾಯಿ ಎಂದು ಬರೆದುಕೊಟ್ಟರು. ಅಂಥ ಗಾಡಿಯ ಕಣ್ಣಿಗೆ ನಾಲ್ಕೂವರೆ ಸಾವಿರದ ಬಲ್ಬು ಹಾಕಿಸಿಕೊಂಡು ಬಂದ ದಿನ ಹೆಂಡತಿ, ‘ಮೂಗಿಗಿಂತ ಮೂಗುತಿ ಭಾರ’ ಅಂದಳು. ನನಗೆ ಸಿಟ್ಟು ಬಂತು. ಲೆಕ್ಕ ಬರೆಯುವವನಿಗೆ ಬೇರೆಯವರು ಲೆಕ್ಕ ಹೇಳಿದರೆ ಹಾಗೇ.

ಅಮ್ಮ ಇರುವುದು ಉಜಿರೆಯ ಹತ್ತಿರ, ನಾವು ಚಿಕ್ಕಮಗಳೂರಿನಲ್ಲಿ. ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಇಳಿಯಲು ಶುರು ಮಾಡುವಷ್ಟರಲ್ಲಿ ಬಹಳ ಸಲ ಕತ್ತಲಾಗಿರುತ್ತದೆ. ಎರಡು ವರ್ಷದಿಂದ ತಿರುವಿನ ತಡೆಗೋಡೆ ತೀರಾ ಹತ್ತಿರ ಬಂದಮೇಲೇ ಕಾಣುತ್ತಿತ್ತು. ಮೊದಲು ಅನುಮಾನಪಟ್ಟಿದ್ದು ನನ್ನ ಕಣ್ಣನ್ನೇ. ಡಾಕ್ಟರು ನೋಡಿ, ಕನ್ನಡಕದ ನಂಬರು ಹಾಗೇ ಇದೆ ಎಂದರು.

2023ರ ಮಳೆಗಾಲಕ್ಕೆ ಮುಂಚೆ ಒಂದು ಆಕ್ಸೆಸರೀಸ್ ಅಂಗಡಿಗೆ ಹೋದೆ. ಎಲ್‌ಇಡಿ ಜೋಡಿಗೆ 4,200, ಕೂರಿಸಲು 300. ಹದಿನೈದು ನಿಮಿಷದ ಕೆಲಸ. ಎದುರಿನ ಗೋಡೆ ಮದುವೆ ಮಂಟಪದ ಹಾಗೆ ಬೆಳಗಿತು. ಹುಡುಗ ‘ಹೆಂಗಿದೆ ಸಾರ್?’ ಅಂದ. ಗೋಡೆ ನೋಡಿ ದುಡ್ಡು ಕೊಟ್ಟೆ. ಗೋಡೆ ಇದ್ದದ್ದು ಆರಡಿ ದೂರದಲ್ಲಿ.

ಘಾಟಿಯಲ್ಲಿ ಗೊತ್ತಾಯಿತು. ಮಂಜು ಇಳಿದ ಕೂಡಲೇ ಆ ಬೆಳಕೆಲ್ಲ ತಿರುಗಿ ನನ್ನ ಮುಖಕ್ಕೇ ಬಂತು, ಗಾಜಿನ ಮುಂದೆ ಪಂಚೆ ಒಣಗಹಾಕಿದ ಹಾಗೆ. ಮಂಜಿಲ್ಲದ ಕಡೆ ಬಾನೆಟ್ಟಿನ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದಂತಿದ್ದು, ಅದರಾಚೆ ಮೊದಲಿಗಿಂತ ಕಪ್ಪು. ಹತ್ತಿರದ ಬಿಳುಪಿಗೆ ಒಗ್ಗಿದ ಕಣ್ಣಿಗೆ ದೂರದ್ದು ಕಾಣುವುದಿಲ್ಲ. ಎದುರು ಬರುವ ಲಾರಿಯವರೆಲ್ಲ ಡಿಪ್ಪರ್ ಹೊಡೆಯುತ್ತಿದ್ದರು. ನಾನು ಡಿಮ್ಮಿನಲ್ಲೇ ಇದ್ದೆ ಎಂದು ಅವರಿಗೆ ಹೇಗೆ ಹೇಳುವುದು?

ಕಾರಣ ಆಮೇಲೆ ತಿಳಿಯಿತು. ಹಳೇ ಕಾರುಗಳ ಎಚ್4 ಬಲ್ಬಿನೊಳಗೆ ಎರಡು ತಂತಿ. ಡಿಮ್ಮಿಗೆ 55 ವ್ಯಾಟ್, ನಾವು ಡಿಪ್ಪು ಎನ್ನುವ ದೂರದ ಬೆಳಕಿಗೆ 60. ಆ ತಂತಿ ಕೂತ ಜಾಗಕ್ಕೆ ಸರಿಯಾಗಿ ಹಿಂದಿನ ರಿಫ್ಲೆಕ್ಟರ್ ತಿದ್ದಿರುತ್ತಾರೆ. ಎಲ್‌ಇಡಿಯ ಚಿಪ್ಪು ಬೇರೆ ಆಕಾರದ್ದು, ಕೂರುವ ಜಾಗವೂ ಕೂದಲೆಳೆ ಆಚೀಚೆ. ಬೆಳಕು ಹೋಗಬೇಕಾದಲ್ಲಿ ಹೋಗದೆ ಚೆಲ್ಲಾಪಿಲ್ಲಿಯಾಗುತ್ತದೆ. ಮೊದಲಿನಿಂದಲೂ ಎಲ್‌ಇಡಿಗೆಂದೇ ಮಾಡಿದ ದೀಪದ ಮಾತು ಬೇರೆ.

ಮುಂದಿನ ವರ್ಷ ಕಾರಿಗೆ ಹದಿನೈದು ತುಂಬಿತು. ಆರ್‌ಸಿ ನವೀಕರಣಕ್ಕೆ 5,000 ಶುಲ್ಕ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ದೀಪ ಹಚ್ಚಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ‘ಮೊದಲಿಂದು ಹಾಕಿಸ್ಕೊಂಡು ಬನ್ನಿ’ ಎಂದರು. ಅವರು ಹೇಳಿದ್ದು ಸರಿಯೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಮೇಲೆ, ಒಪ್ಪಿಗೆಯಿಲ್ಲದೆ ಗಾಡಿ ಮಾರ್ಪಡಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡವಿದೆ, ಜೈಲೂ ಇದೆ. ಬಲ್ಬು ಆ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ಕಚೇರಿಯ ಅಂಗಳದಲ್ಲಿ ವಾದಿಸುವ ಆಸೆ ನನಗಿರಲಿಲ್ಲ. ಆ ಜುಲೈಯಲ್ಲೇ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಕೇಸು ಹಾಕಲು ಹೊರಟರು.

ಮತ್ತೆ ಹ್ಯಾಲೊಜನ್ ಹಾಕಿಸಲು ಹೋದದ್ದು ಬಸ್‌ಸ್ಟ್ಯಾಂಡ್ ಹಿಂದಿನ ಹಳೇ ಎಲೆಕ್ಟ್ರಿಷಿಯನ್ ಹತ್ತಿರ. ‘100/90 ವ್ಯಾಟಿಂದು ಹಾಕಿಬಿಡಿ’ ಎಂದೆ. ‘ಹೋಲ್ಡರ್ ಕರಗ್ತದೆ’ ಎಂದಷ್ಟೇ ಹೇಳಿ ಮೀಟರ್ ತಂದರು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್. ಬಲ್ಬಿನ ಬುಡದಲ್ಲಿ 11.9. ಎರಡು ವೋಲ್ಟು ದಾರಿಯಲ್ಲೇ ಸೋರಿಹೋಗಿತ್ತು: ಸಪೂರ ವೈರು, ಸವೆದ ಸ್ವಿಚ್ಚು, ಕಿಲುಬು ಹಿಡಿದ ಅರ್ಥಿಂಗು. ಹ್ಯಾಲೊಜನ್ನಿನ ಸ್ವಭಾವವೆಂದರೆ ವೋಲ್ಟೇಜು ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಅಂದರೆ ಇಷ್ಟು ವರ್ಷ ನಾನು ಮುಕ್ಕಾಲಿಗೂ ಕಡಿಮೆ ದೀಪದಲ್ಲಿ ಘಾಟಿ ಇಳಿದಿದ್ದೆ.

ಅವರು ಹಾಕಿದ್ದು ರಿಲೇ ವೈರಿಂಗ್. ಹಳೆಯ ಸ್ವಿಚ್ಚು ಇನ್ನು ಬರೀ ಅಪ್ಪಣೆ ಕೊಡುತ್ತದೆ. ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ, ಫ್ಯೂಸ್ ದಾಟಿ, ನೇರ ಬಲ್ಬಿಗೆ ಬರುತ್ತದೆ. ಕಂಪನಿಯ ವೈರು ಒಂದನ್ನೂ ಕತ್ತರಿಸಲಿಲ್ಲ, ಸಾಕೆಟ್ಟಿಗೆ ಸಾಕೆಟ್. ಇದು ಮುಖ್ಯ. ವೈರು ಕತ್ತರಿಸಿ ಗಂಟು ಹಾಕಿದ ಕಡೆ ಶಾರ್ಟ್ ಆಗಿ ಹೊತ್ತಿಕೊಂಡರೆ ವಿಮೆಯವರ ಮೊದಲ ಪ್ರಶ್ನೆ ಅದೇ. ವೈರಿಂಗ್ ಕಿಟ್ಟಿಗೆ 850, ಕೂಲಿ 400, ಮಾಮೂಲಿ 60/55ರ ಬಲ್ಬು ಎರಡಕ್ಕೆ 380. ಮೀಟರು 13.4 ತೋರಿಸಿತು.

ಹೊರಗಿನ ಪ್ಲಾಸ್ಟಿಕ್ಕು ಹಳೇ ಹಲ್ಲಿನ ಹಾಗೆ ಹಳದಿಯಾಗಿತ್ತು. ಬಿಸಿಲಿಗೆ ಪಾಲಿಕಾರ್ಬೊನೇಟಿನ ಮೇಲಿನ ರಕ್ಷಣೆಯ ಪೊರೆ ಸತ್ತರೆ ಹೀಗಾಗುತ್ತದೆ. ಹೊಸ ಜೋಡಿಗೆ 5,800 ಹೇಳಿದರು. ಒಂದು ಭಾನುವಾರ ನಾನೇ ಕೂತೆ. 800 ನಂಬರಿನ ನೀರು ಉಜ್ಜುಕಾಗದದಿಂದ ಶುರು, ಆಮೇಲೆ 1500, 2000, ಕೊನೆಗೆ 3000, ಪಾಲಿಶ್, ಅದರ ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್. ಒಟ್ಟು 430. ಕ್ಲಿಯರ್ ಕೋಟ್ ಉಳಿಸಲು ಹೋಗಬೇಡಿ. ಪೇಸ್ಟಿನಿಂದಲೇ ಮುಗಿಸಿದ ನನ್ನ ಷಡ್ಡಕನ ಕಾರು ದೀಪಾವಳಿಗೆ ಉಜ್ಜಿದ್ದು ಯುಗಾದಿಗೆ ಮತ್ತೆ ಹಳದಿ. ಮೊದಲ ಕಾಗದ ಉಜ್ಜಿದಾಗ ಪ್ಲಾಸ್ಟಿಕ್ಕು ಪೂರ್ತಿ ಮಸುಕಾಗಿ ಎದೆ ಧಸಕ್ಕೆನ್ನುತ್ತದೆ, ಹೆದರಬೇಡಿ.

ಉಳಿದದ್ದು ದೀಪದ ದಿಕ್ಕು. ಅದಕ್ಕೆ ದುಡ್ಡೇ ಬೇಡ. ಸಮತಟ್ಟಿನಲ್ಲಿ ಗೋಡೆಯಿಂದ ಐದು ಮೀಟರ್ ದೂರ ಕಾರು ನಿಲ್ಲಿಸಿ, ಬಲ್ಬಿನ ಎತ್ತರಕ್ಕೆ ಸುಣ್ಣದ ಗೆರೆ ಎಳೆದೆ. ಡಿಮ್ಮಿನ ಮೇಲಂಚು ಅದಕ್ಕಿಂತ ಐದು ಸೆಂಟಿಮೀಟರ್ ಕೆಳಗೆ ಬರಬೇಕು, ಎಡಗಡೆ ಸ್ವಲ್ಪ ಏರಬೇಕು. ಬಲಗಡೆಯದು ಮಾವಿನ ಮರದ ಕಡೆ ನೋಡುತ್ತಿತ್ತು. ಸ್ಕ್ರೂ ಡ್ರೈವರಿನಲ್ಲಿ ಕಾಲು ಗಂಟೆ.

ಎರಡನೇ ಸುತ್ತಿನ ಖರ್ಚು 2,060. ಆರ್‌ಸಿ ಐದು ವರ್ಷಕ್ಕೆ ನವೀಕರಣವಾದದ್ದರಿಂದ ವರ್ಷಕ್ಕೆ 412. ಮೊದಲ ಸುತ್ತಿನ 4,500 ರೂಪಾಯಿಯನ್ನು ಯಾವ ವರ್ಷಕ್ಕೆ ಹಂಚುತ್ತೀರಿ ಎಂದು ಹೆಂಡತಿ ಕೇಳುತ್ತಾಳೆ.

ಎಲ್‌ಇಡಿಯ ಡಬ್ಬಿ ಅಟ್ಟದ ಮೇಲಿದೆ. ಆನ್‌ಲೈನಿನಲ್ಲಿ ಹಾಕಿದರೆ ಸಾವಿರವಾದರೂ ಬರುತ್ತದೆ ಎನ್ನುತ್ತಾನೆ ಮಗ. ಒಬ್ಬ ಗಿರಾಕಿಯೂ ಸಿಕ್ಕಿದ್ದ. ಯಾವೂರು ಎಂದು ಕೇಳಿದೆ. ಮೂಡಿಗೆರೆ ಎಂದ. ಕೊಡಲಿಲ್ಲ.