ಬಗದಲ್‌ನ ತಂಗಿಗೆ, ಬಿಗಿ ವರ್ಷದ ಲೆಕ್ಕ

ಬೀದರ್

ಪ್ರೀತಿಯ ತಂಗಿ,



ನಿನ್ನ ಕಾಗದ ಓದಿದೆ. ಬಗದಲ್‌ನ ನಿಮ್ಮ ಸಂಜೆ ಶಾಲೆಗೆ ಹಣ ಕೊಡುತ್ತಿದ್ದ ಕಂಪನಿ ಕೈ ಎತ್ತಿದೆ, ಇಬ್ಬರು ಶಿಕ್ಷಕಿಯರ ಪಗಾರ ಎಲ್ಲಿಂದ ತರಲಿ ಎಂದು ಕೇಳಿದ್ದೀ. ಪೇಟೆ ಬಿದ್ದಿರುವಾಗ ಜನರ ಮುಂದೆ ಕೈ ಚಾಚಲು ನಾಚಿಕೆಯಾಗುತ್ತದೆ ಎಂದೂ ಬರೆದಿದ್ದೀ. ಆ ನಾಚಿಕೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆ ಶಾಲೆಯ ಖರ್ಚು ಹೇಗೆ ನಡೆಯಿತು ಎಂದು ಕೇಳುವವರು ಕಡಿಮೆ. ಸರ್ಕಾರದ ಒಲವಿರಲಿಲ್ಲ, ಜನರ ಕೈಯಲ್ಲೂ ರೊಕ್ಕವಿರಲಿಲ್ಲ. ಅವರು ಜೋಳಿಗೆ ಹಿಡಿದು ಊರೂರು ತಿರುಗಿದರು. ಬರಗಾಲದ ಸೀಮೆಯಲ್ಲಿ ಬಡವರ ಬಾಗಿಲಿಗೇ ಹೋಗಿ ಕೇಳಿದರು. ಯಾರ ಕೈಲಾಗುತ್ತದೆ, ಯಾರ ಕೈಲಾಗುವುದಿಲ್ಲ ಎಂದು ಕೊಡುವವರ ಪರವಾಗಿ ನೀನೇ ತೀರ್ಮಾನಿಸಬೇಡ. ಈ ವರ್ಷ ಆಗುವುದಿಲ್ಲ ಎನ್ನುವ ಹಕ್ಕು ಅವರದು. ಕೇಳದೆ ಸುಮ್ಮನಿದ್ದರೆ ಆ ಹಕ್ಕನ್ನೂ ಕಿತ್ತುಕೊಂಡಂತೆ.

ಕಂಪನಿಯ ಮೇಲೆ ಸಿಟ್ಟಾಗಬೇಡ, ಅದರ ಹಣ ಬರುವ ದಾರಿ ತಿಳಿದುಕೋ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಕೆಲಸಗಳಿಗೆ ಖರ್ಚು ಮಾಡಬೇಕು. ಸರಾಸರಿ ಮೂರು ವರ್ಷದ್ದಾದ್ದರಿಂದ ಪೇಟೆ ಬಿದ್ದ ವರ್ಷವೇ ಈ ಹಣ ಪೂರ್ತಿ ಕುಸಿಯುವುದಿಲ್ಲ. ಏಟು ತಡವಾಗಿ ಬೀಳುತ್ತದೆ, ಪೇಟೆ ಏರಿದ ಮೇಲೂ ತಡವಾಗಿಯೇ ಚೇತರಿಸುತ್ತದೆ. ಹಾಗಾಗಿ ಬಿಗಿ ಒಂದೇ ವರ್ಷದ್ದು ಎಂದು ಬಜೆಟ್ ಬರೆಯಬೇಡ, ಮೂರು ವರ್ಷಕ್ಕೆ ಬರೆ. ಇನ್ನೊಂದು ಮಾತು: ಕಂಪನಿಗಳು ತಮ್ಮ ಕಾರ್ಖಾನೆಯ ಸುತ್ತಮುತ್ತಲಿಗೆ, ಇಲ್ಲವೇ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಿಗೆ ಕೊಡಲು ಇಷ್ಟಪಡುತ್ತವೆ. ನಮ್ಮ ರಾಜ್ಯದಿಂದ ಆ ಪಟ್ಟಿಗೆ ಸೇರಿದ್ದು ರಾಯಚೂರು, ಯಾದಗಿರಿ. ಬೀದರ್ ಅದರಲ್ಲಿಲ್ಲ. ನಮ್ಮ ಬಡತನ ಕಡಿಮೆಯದ್ದಲ್ಲ, ಆದರೂ ದೂರದ ಹಣ ನಮ್ಮನ್ನು ದಾಟಿಕೊಂಡು ಹೋಗುತ್ತದೆ.

ವಿದೇಶಿ ದೇಣಿಗೆಯ ಮಾತೂ ಅಷ್ಟೇ. ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಚಿಕ್ಕ ಸಂಸ್ಥೆಗೆ ದಾಟಿಸುವುದನ್ನು ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ನಿಲ್ಲಿಸಿತು. ಕೊರೊನಾದ ನಡುವೆಯೇ ಹಳ್ಳಿಗಳ ಎಷ್ಟೋ ಸಣ್ಣ ಸಂಸ್ಥೆಗಳಿಗೆ ಆ ಬಾಗಿಲು ಮುಚ್ಚಿತು.

ಉಳಿದದ್ದು ಊರು. ಊರಿನ ಹಣಕ್ಕೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ ಹೊಂದುವುದಿಲ್ಲ. ಸಿ.ಎ. ಹತ್ತಿರ ಆ ಲೆಕ್ಕ ಇರಲಿ, ನಿನ್ನ ವಹಿಯಲ್ಲಿ ಬೆಳೆಯ ಲೆಕ್ಕ ಇರಲಿ. ಜೂನ್, ಜುಲೈನಲ್ಲಿ ಬೀಜ, ಗೊಬ್ಬರ, ಮಕ್ಕಳ ಶಾಲೆ ಫೀ ಎಂದು ರೈತನ ಕೈ ಬರಿದಾಗಿರುತ್ತದೆ. ಆಗ ಹೋಗಿ ಪಟ್ಟಿ ಕೇಳಿದರೆ ಅವನಿಗೂ ಮುಜುಗರ, ನಿನಗೂ ಮುಜುಗರ. ಹೆಸರು, ಉದ್ದಿನ ರಾಶಿಯಾದಾಗ ಕೇಳು, ಸೋಯಾ ಗಂಜ್ ಮಾರುಕಟ್ಟೆಗೆ ಬಂದಾಗ ಕೇಳು, ತೊಗರಿ ರಾಶಿಗೆ ಮತ್ತೊಮ್ಮೆ ಹೋಗು. ರೊಕ್ಕ ಇಲ್ಲದವರು ಜೋಳವನ್ನೋ ತೊಗರಿಯನ್ನೋ ಕೊಟ್ಟರೆ ಅದಕ್ಕೂ ತೂಕ ಬರೆದು ಪಾವತಿ ಕೊಡು. ತೊಗರಿಯಿಂದ ಬಂದದ್ದರಲ್ಲಿ ಜೂನ್, ಜುಲೈ, ಆಗಸ್ಟ್‌ನ ಪಗಾರ ಬೇರೆ ತೆಗೆದಿಟ್ಟ ಮೇಲೆಯೇ ಬೇರೆ ಖರ್ಚಿನ ಮಾತು. ಹೈದರಾಬಾದ್, ಪುಣೆಯಲ್ಲಿ ದುಡಿಯುವ ಬಗದಲ್‌ನವರಿದ್ದಾರಲ್ಲ, ಅವರನ್ನು ತಿಂಗಳಿಗೆ ನೂರು, ಇನ್ನೂರು ಕೇಳು. ಒಮ್ಮೆಲೇ ಬರುವ ಹತ್ತು ಸಾವಿರಕ್ಕಿಂತ ನಿಲ್ಲದೆ ಬರುವ ನೂರರ ಮೇಲೆ ಪಗಾರ ನಡೆಸುವುದು ಸುಲಭ. ತೆರಿಗೆ ವಿನಾಯಿತಿಯ ಆಸೆ ತೋರಿಸಿ ಮಾತ್ರ ಕೇಳಬೇಡ. ನಗದಾಗಿ 2000 ರೂಪಾಯಿ ಮೀರಿ ಕೊಟ್ಟರೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಇಲ್ಲವೇ ಇಲ್ಲ.

ಖರ್ಚು ಕಡಿಮೆ ಮಾಡುವಾಗ ಎಲ್ಲದರಲ್ಲೂ ಹತ್ತು ಹತ್ತು ಪರ್ಸೆಂಟ್ ಕತ್ತರಿಸುವುದು ಸೋಮಾರಿಗಳ ಬಜೆಟ್. ಅದರಿಂದ ಎಲ್ಲವೂ ಕುಂಟುತ್ತದೆ, ಯಾವುದೂ ಉಳಿಯುವುದಿಲ್ಲ. ವಾರ್ಷಿಕೋತ್ಸವ ಬಿಡು, ಬ್ಯಾನರ್, ಹಾರ, ಶಾಲು ಬಿಡು, ಹೊಸ ಊರಿನಲ್ಲಿ ಎರಡನೇ ಶಾಲೆ ತೆರೆಯುವ ಆಸೆಯನ್ನು ಮುಂದಕ್ಕೆ ಹಾಕು. ಶಿಕ್ಷಕಿಯರ ಪಗಾರಕ್ಕೆ ಕೈ ಹಚ್ಚಬೇಡ. ಅವರ ಮನೆಯಲ್ಲೂ ಇದೇ ಬಿಗಿ ವರ್ಷ ನಡೆದಿದೆ, ಸೇವೆ ಎಂಬ ಹೆಸರಿನಲ್ಲಿ ಅವರನ್ನು ಅರೆಹೊಟ್ಟೆ ಇಡುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಕೋಣೆ ಕಟ್ಟಲೆಂದು ಒಬ್ಬರು ಕೊಟ್ಟ ಹಣ ಬ್ಯಾಂಕಿನಲ್ಲಿದೆ ಎಂದಿದ್ದೀ. ಅದನ್ನು ಪಗಾರಕ್ಕೆ ತಿರುಗಿಸಬೇಡ, ಒಂದು ತಿಂಗಳಿಗೂ ಬೇಡ. ತಿರುಗಿಸಲೇಬೇಕಾದರೆ ಮೊದಲು ಅವರ ಬಳಿ ಹೋಗು, ಕೇಳು, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೋ. ಎಷ್ಟೋ ಒಳ್ಳೆಯ ಸಂಸ್ಥೆಗಳು ಹಣವಿಲ್ಲದೆ ಸಾಯಲಿಲ್ಲ, ಹೀಗೆ ಒಂದರ ಹಣ ಇನ್ನೊಂದಕ್ಕೆ ಹಾಕಿ ಹೆಸರು ಕೆಡಿಸಿಕೊಂಡು ಸತ್ತವು.

ಕೊರತೆಯನ್ನು ಮುಚ್ಚಿಡಬೇಡ. ತಿಂಗಳಿಗೆ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಬಾಕಿ ಎಂದು ಕನ್ನಡದಲ್ಲಿ, ಉರ್ದುವಿನಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸು. ಮಕ್ಕಳ ತಾಯಂದಿರು ಸ್ವಸಹಾಯ ಸಂಘಗಳಲ್ಲಿ ವಾರ ವಾರ ಲೆಕ್ಕ ನೋಡಿದವರು. ನಿನ್ನ ಲೆಕ್ಕವನ್ನೂ ಓದುತ್ತಾರೆ, ತಪ್ಪಿದ್ದರೆ ಹೇಳುತ್ತಾರೆ.

ಮೂರು ವರ್ಷದ ಬಜೆಟ್ ಬರೆದು ಈ ವಾರ ನನಗೆ ಕಳಿಸು. ಸೋಯಾ ಬರಲು ಶುರುವಾದ ದಿನ ಬೀದರಿಗೆ ಬಾ, ಗಾಂಧಿ ಗಂಜಿನ ಅಡತ ಅಂಗಡಿಗಳಿಗೆ ನಾನೂ ನಿನ್ನ ಜೊತೆ ಬರುತ್ತೇನೆ.

ನಿನ್ನ,
ಅಣ್ಣ