ಗೊಬ್ಬರ ಹೊರುವ ಹಳೆಯ ಜೀಪಿಗೆ ತುಕ್ಕಿನ ಕಾಟ

ಗೊಬ್ಬರದ ಚೀಲ ಸಾಗಿಸುವ ಹಳೆಯ ಜೀಪಿಗೆ ಹೆಚ್ಚಾಗಿ ಒಳಗಿನಿಂದಲೇ ತುಕ್ಕು ಹತ್ತುತ್ತದೆ. ಚೆಲ್ಲಿದ ಪೊಟ್ಯಾಷ್ ಗೊಬ್ಬರದಲ್ಲಿನ ಕ್ಲೋರೈಡ್ ತೇವದೊಡನೆ ಸೇರಿ ತಗಡನ್ನು ಬೇಗ ತಿನ್ನುತ್ತದೆ. ಹೊರಗೆ ಬಣ್ಣ ಉಬ್ಬುವಷ್ಟರಲ್ಲಿ ಅಡಿಯ ತಗಡು ಸವೆದಿರುವುದುಂಟು. ಆದ್ದರಿಂದ ನೆಲದ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಬೇಕು.

ತಗಡು ಗಟ್ಟಿಯಿದ್ದರೆ ತಂತಿ ಬ್ರಷ್ ಹಾಗೂ ಎಮೆರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಥಿನ್ನರಿನಿಂದ ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಮರಳುತ್ತದೆ. ಒಣಗಿದ ಮೇಲೆ 2 ಸಲ ಎನಾಮೆಲ್ ಬಣ್ಣ ಕೊಡಬೇಕು. ತೂತಿಗೆ ಪುಟ್ಟಿ ಮೆತ್ತುವುದು ಬರೀ ಹಣ ದಂಡ. ಅದರ ಹಿಂದೆ ನೀರು ನಿಲ್ಲುತ್ತದೆ. ಕೆಟ್ಟ ಭಾಗ ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸುವುದೇ ಲೇಸು. ಚಾಸಿಗೂ ತುಕ್ಕು ಇಳಿದಿದ್ದರೆ ಮೆಕ್ಯಾನಿಕ್‌ಗೆ ತೋರಿಸದೆ ಹೊರೆ ಹೇರಬಾರದು.

ಗೊಬ್ಬರ ಇಳಿಸಿದ ದಿನವೇ ಜೀಪನ್ನು ತೊಳೆದು, ನೀರು ಬಸಿಯುವ ತೂತುಗಳಲ್ಲಿನ ಕೆಸರು ತೆಗೆದು, ಮ್ಯಾಟ್ ಎತ್ತಿಟ್ಟು ಒಣಗಿಸಬೇಕು.